ನಂಬರ್ ಬಂತಾ ಸರ್?

ಪತ್ರಿಕೆ ಓದುವ ಕೋಣೆಯ ಮೂಲೆ ಕಿಟಕಿಗೆ ಎಡಭುಜ ತಾಗಿಸಿ, ಕತ್ತನ್ನು ಸ್ವಲ್ಪ ಹೊರಗೆ ಚಾಚಿ ನಿಂತರೆ ಮಾತ್ರ ಸಿಗ್ನಲ್ ಸಿಗುತ್ತಿತ್ತು. ಇಡೀ ಗ್ರಂಥಾಲಯದಲ್ಲಿ ಅದೊಂದೇ ಜಾಗ. ಅವನ ಮೇಜು ಇದ್ದ ಖರೀದಿ ವಿಭಾಗದ ಗೋಡೆಗಳು ಎರಡು ಮೊಳ ದಪ್ಪ. ಅಲ್ಲಿ ಫೋನು ಕಲ್ಲಿನ ಹಾಗೆ ಬಿದ್ದಿರುತ್ತಿತ್ತು. ಆಫೀಸಿನ ಫೋನಿನಲ್ಲಿ ಹೊರಗಿನ ಕರೆ ಬರುತ್ತಿತ್ತೇ ಹೊರತು ಇಲ್ಲಿಂದ ಮಾಡುವ ಹಾಗಿರಲಿಲ್ಲ, ಖರ್ಚು ಉಳಿಸಲೆಂದು ಆ ಸೌಲಭ್ಯವನ್ನು ತೆಗೆಸಿದ್ದರು. ಹಾಗಾಗಿ ಸಣ್ಣ ಮಾರಾಟಗಾರರಿಗೆ ಆನ್‌ಲೈನಿನಲ್ಲಿ ಹಣ ಕಟ್ಟುವ ದಿನ ಅವನು ಕಂಪ್ಯೂಟರಿನಲ್ಲಿ ಕಾರ್ಡಿನ ವಿವರವನ್ನೆಲ್ಲ ತುಂಬಿ, ಕೊನೆಯ ಗುಂಡಿ ಒತ್ತಿ, ಓಡುನಡಿಗೆಯಲ್ಲಿ ಎರಡು ಕೋಣೆ ದಾಟಿ ಈ ಕಿಟಕಿಗೆ ಬರಬೇಕು. ಆರಂಕಿಯ ಓಟಿಪಿಗೆ ಹತ್ತು ನಿಮಿಷದ ಆಯುಸ್ಸು. ಅದು ಹೋಗಿ ಬೀಳುತ್ತಿದ್ದದ್ದು ನಿವೃತ್ತರಾಗಿ ಹದಿನಾಲ್ಕು ತಿಂಗಳಾಗಿದ್ದ ಹಳೇ ಸಾಹೇಬರ ಮೊಬೈಲಿಗೆ.

ಅವರಿಗೆ ಕಿವಿ ಸ್ವಲ್ಪ ಮಂದ. ಗಟ್ಟಿಯಾಗಿ ಹೇಳದೆ ವಿಧಿಯಿರಲಿಲ್ಲ.

"ಸರ್, ರಸೀದಿ ಮಾತಾಡ್ತಿದೀನಿ, ಗ್ರಂಥಾಲಯದಿಂದ. ನಂಬರ್ ಬಂತಾ ಸರ್?"

ರಸೀದಿ ಎಂದು ಅವನಿಗೆ ಹೆಸರಿಟ್ಟವರೂ ಅವರೇ. ಕೆಲಸಕ್ಕೆ ಸೇರಿದ ಮೊದಲ ವಾರ, ಗೋಡೆ ಗಡಿಯಾರಕ್ಕೆ ಸೆಲ್ಲು ತಂದವನ ಹತ್ತಿರ ಅವನು ರಸೀದಿ ಕೇಳಿ, ಕೊಡುವ ತನಕ ಬಾಗಿಲಲ್ಲೇ ನಿಲ್ಲಿಸಿಕೊಂಡಿದ್ದ. ಹೊಟ್ಟೆ ಹಿಡಿದುಕೊಂಡು ನಕ್ಕ ಸಾಹೇಬರ ಬಾಯಿಂದ ಬಿದ್ದ ಆ ಮಾತು ಇಪ್ಪತ್ತೆರಡು ವರ್ಷದಿಂದ ಅಂಟಿಕೊಂಡಿತ್ತು. ಮನೆಯಲ್ಲಿ ಅಕ್ಕ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು.

"ಬಂತು ಕಣಯ್ಯಾ," ಎಂದರು ಸಾಹೇಬರು. "ಅದೇನು ಇವತ್ತು ದಿನಕ್ಕೆರಡು ಸಲ? ಬೆಳಿಗ್ಗೆ ಒಂದು ಕೊಟ್ಟೆನಲ್ಲ."

"ಬೆಳಿಗ್ಗೆನಾ ಸರ್?"

"ಒಂಬತ್ತೂವರೆಗೆ. ನಾನಿನ್ನೂ ಹಲ್ಲುಜ್ಜಿರಲಿಲ್ಲ. ಹಕ್ಕಿಗಳ ಪುಸ್ತಕ ಅಂದೆ, ಯಾವ ಹಕ್ಕಿ ಅಂತ ಕೇಳಿದ್ರೆ ಸುಮ್ನೆ ನಕ್ಕೆ. ಇರಲಿ, ಇದ್ಯಾವ ಪುಸ್ತಕ?"

ಅವನ ಬಾಯಿ ತನ್ನಷ್ಟಕ್ಕೆ ಉತ್ತರ ಕೊಟ್ಟಿತು. ಬೆರಳಲ್ಲಿ ಓದುವ ಪುಸ್ತಕ ಸರ್, ಉಬ್ಬು ಚುಕ್ಕಿಯದು, ಕಣ್ಣು ಕಾಣದವರಿಗೆ, ಆ ಹೆಂಗಸು ಮನೆಯಲ್ಲೇ ಮಾಡ್ತಾಳಲ್ಲ. ಸಾಹೇಬರು ಒಳ್ಳೇ ಕೆಲಸ ಎಂದರು. ಒಂದೊಂದೇ ಅಂಕಿ ಹೇಳಿದರು. ಎಂದಿನಂತೆ ಅವನು ಒಂದೊಂದನ್ನೂ ಗಟ್ಟಿಯಾಗಿ ತಿರುಗಿ ಹೇಳುತ್ತ ಅಂಗೈ ಮೇಲೆ ಬರೆದುಕೊಂಡ. ನಾನು ಬೆಳಿಗ್ಗೆ ಫೋನ್ ಮಾಡಿಲ್ಲ ಎಂಬ ಮಾತು ಗಂಟಲವರೆಗೆ ಬಂದಿತ್ತು. ಹಿರಿಯರ ಮಾತಿಗೆ ಎದುರಾಡಿ ಅವನಿಗೆ ಅಭ್ಯಾಸವಿಲ್ಲ. ಹತ್ತು ನಿಮಿಷದಲ್ಲಿ ಮೂರು ಆಗಲೇ ಕಳೆದಿದ್ದವು. ತಿರುಗಿದಾಗ ಕೋಣೆಯ ಉದ್ದಕ್ಕೂ ಬಿಡಿಸಿ ಹಿಡಿದ ಪತ್ರಿಕೆಗಳು ಕಂಡವು. ಹನ್ನೊಂದು ಪತ್ರಿಕೆ, ಅಂಚು ಹಿಡಿದ ಇಪ್ಪತ್ತೆರಡು ಕೈ, ಒಂದೂ ಮುಖವಿಲ್ಲ. ಯಾರೋ ಪುಟ ಮಗುಚಿದರು. ಎಷ್ಟು ವರ್ಷದಿಂದ ನೋಡಿದ ಕೋಣೆ ಇದು, ಆದರೂ ಇವತ್ತು ಆ ಕಾಗದಗಳ ಹಿಂದೆ ಯಾರೂ ಓದುತ್ತಿಲ್ಲ ಎನ್ನಿಸಿತು.

ಮೇಜಿಗೆ ಬಂದು ಅಂಗೈ ನೋಡಿ ಆರಂಕಿ ಒತ್ತಿದ. ಪರದೆಯ ಮೇಲೆ ಚಕ್ರ ತಿರುಗಿತು, ನಿಂತಿತು. ಕಾರ್ಡಿನಲ್ಲಿ ಸಾಕಷ್ಟು ಹಣವಿಲ್ಲ.

ಇವತ್ತು ತಾರೀಕು ಮೂರು. ಸಣ್ಣ ಖರೀದಿಗೆಂದು ಪ್ರತಿ ತಿಂಗಳು ಒಂದನೇ ತಾರೀಕಿಗೆ ಆ ಕಾರ್ಡಿಗೆ ಹಣ ಬೀಳುತ್ತದೆ, ಈ ತಿಂಗಳು ಅವನು ಅದರಲ್ಲಿ ಇನ್ನೂ ಒಂದು ಪೈಸೆ ಖರ್ಚು ಮಾಡಿರಲಿಲ್ಲ. ಅವನು ಪುಟವನ್ನು ಮತ್ತೆ ತೆರೆದ, ಬೆಲೆ ಸರಿಯಿದೆಯೇ ನೋಡಿದ, ತನ್ನದೇ ತಪ್ಪಿರಬೇಕೆಂದು ಹುಡುಕಿದ. ತಪ್ಪು ತನ್ನಲ್ಲೇ ಸಿಕ್ಕಿಬಿಟ್ಟರೆ ಅವನಿಗೆ ಯಾವಾಗಲೂ ಒಂದು ಬಗೆಯ ಸಮಾಧಾನ. ಹಗಲು ಗೋದಾಮಿನಲ್ಲಿ ಚೀಲ ಎಣಿಸಿ, ಸಂಜೆ ಕಾಲೇಜಿನ ಕೊನೆಯ ಬೆಂಚಿನಲ್ಲಿ ಕೂತು ಓದಿದವನು ಅವನು. ಪರೀಕ್ಷೆಯಲ್ಲಿ ಉತ್ತರ ಬರೆದು ಮುಗಿಸಿದ ಮೇಲೂ ಪ್ರಶ್ನೆಯನ್ನೇ ತಪ್ಪಾಗಿ ಓದಿಕೊಂಡೆನೇನೋ ಎಂದು ಬೆವರುತ್ತಿದ್ದ. ಮೇಷ್ಟರು ಒಮ್ಮೆ ಎಲ್ಲರೆದುರು, ನಿನ್ನ ನೆರಳು ನಿನ್ನ ಹಿಂದೇನೇ ಬರ್ತಿದೆಯಾ ಅಂತಲೂ ಒಂದು ಸಲ ಚೆಕ್ ಮಾಡ್ಕೋ ಎಂದಿದ್ದರು. ಎಲ್ಲರೂ ನಕ್ಕಿದ್ದರು. ಅವನು ನಿಜವಾಗಿಯೂ ತಿರುಗಿ ನೋಡಿದ್ದ. ಈಗ ಹುಡುಕಿದಷ್ಟೂ ಬೆಲೆ ಸರಿಯಿತ್ತು, ಹೆಸರು ಸರಿಯಿತ್ತು, ಹಣವಿರಲಿಲ್ಲ. ಎಲ್ಲಿ ಹೋಯಿತೆಂದು ನೋಡುವ ಅಧಿಕಾರ ಅವನಿಗಿಲ್ಲ. ಖಾತೆಯ ವಿವರ ಕಾಣುವುದು ಸಾಹೇಬರ ಜಾಗಕ್ಕೆ ಬಂದ ಮೇಡಂ ಕಂಪ್ಯೂಟರಿನಲ್ಲಿ ಮಾತ್ರ. ಬ್ಯಾಂಕಿನವರೂ ಮಾತಾಡುವುದು ಮೇಡಂ ಜೊತೆ, ಇಲ್ಲವೇ ಖಾತೆಗೆ ಸೇರಿಸಿದ ಮೊಬೈಲಿನಿಂದ ಕರೆ ಮಾಡಿದವರ ಜೊತೆ. ಆ ಮೊಬೈಲು ಯಾರದೆಂದು ನೆನಪಾಗಿ ಅವನ ಕೈ ತಾನಾಗಿಯೇ ಮೇಜಿನ ಕೆಳಗಿನ ಡ್ರಾಯರಿನ ಮೇಲೆ ಹೋಗಿ ಕೂತಿತು.

ಡ್ರಾಯರಿನೊಳಗೆ, ಹಳೇ ಕ್ಯಾಟಲಾಗುಗಳ ಅಡಿಯಲ್ಲಿ ಆ ಅರ್ಜಿ ಇತ್ತು. ಖಾತೆಗೆ ಸೇರಿಸಿದ ಮೊಬೈಲ್ ಸಂಖ್ಯೆ ಬದಲಾವಣೆಗೆ. ಹೊಸ ಮೇಡಂ ಅಧಿಕಾರ ವಹಿಸಿಕೊಂಡ ದಿನವೇ ಅವರ ಸಂಖ್ಯೆ ತುಂಬಿ, ಸಹಿ ಹಾಕಿಸಿಕೊಂಡಿದ್ದ. ತಾರೀಕು ಹಾಕಿ ತಲುಪಿಸುವುದಷ್ಟೇ ಬಾಕಿ. ಅದೇ ಸಂಜೆ ಸಾಹೇಬರು ಕೊನೆಯ ಸಲ ಪುಸ್ತಕದ ಸಾಲುಗಳ ನಡುವೆ ಓಡಾಡಿ ಅವನ ಮೇಜಿನ ಹತ್ತಿರ ಬಂದು ನಿಂತಿದ್ದರು. ಅರ್ಜಿಯನ್ನು ನೋಡಿದರು. ಎಷ್ಟೋ ಹೊತ್ತು ನೋಡಿದರು. "ಅವಸರ ಏನಿದೆ ರಸೀದಿ," ಎಂದರು. "ವಾರಕ್ಕೊಂದು ಸಲ ಫೋನ್ ಮಾಡ್ತೀಯ. ಯಾವ ಪುಸ್ತಕ ಬರ್ತಿದೆ ಅಂತ ನನಗೂ ಗೊತ್ತಾಗುತ್ತೆ. ಸ್ವಲ್ಪ ದಿನ ಇರಲಿ ಬಿಡು." ದೊಡ್ಡ ಪ್ರಕಾಶಕರಿಗೆ ಚೆಕ್ಕು, ಮೂರು ಸಹಿ, ಮೂರು ತಿಂಗಳು. ಅಷ್ಟು ದಿನ ಕಾಯಲಾರದ ಸಣ್ಣವರಿಗಾಗಿ, ಮನೆಯಲ್ಲಿ ಕೂತು ಪುಸ್ತಕ ಹೊಲಿಯುವವರಿಗೆ, ಹಳೇ ನಕ್ಷೆ ಮಾರುವವರಿಗೆ, ತಾವೇ ಅಚ್ಚು ಹಾಕಿಸುವವರಿಗೆ ಈ ಕಾರ್ಡನ್ನು ತಂದವರೇ ಸಾಹೇಬರು, ಮೇಲಿನವರ ಹತ್ತಿರ ವರ್ಷವಿಡೀ ಹೋರಾಡಿ. ಹೇಗೆ ಇಲ್ಲ ಅನ್ನುವುದು? ವಾರ ತಿಂಗಳಾಯಿತು. ಒಂದು ದಿನ ಮೇಡಂ ಬಾಗಿಲಲ್ಲಿ ನಿಂತು, ಕನ್ನಡಕ ಒರೆಸುತ್ತ, ಎಲ್ಲಾ ನನ್ನ ನಂಬರಿಗೆ ಬದಲಾಗಿದೆ ತಾನೇ ಎಂದು ಕೇಳಿದ್ದರು. "ಆಗಿದೆ ಮೇಡಂ" ಎಂದಿದ್ದ. ಯಾಕೆ ಹಾಗೆಂದ ಎನ್ನುವುದು ಅವನಿಗೆ ಇವತ್ತಿಗೂ ತಿಳಿದಿರಲಿಲ್ಲ. ಕೇಳಿದ ಪ್ರಶ್ನೆಗೆ ಇಲ್ಲವೆನ್ನಲು ಒಂದು ಉಸಿರು ಹೆಚ್ಚು ಬೇಕಾಗುತ್ತದೆ, ಆ ಉಸಿರು ಆ ಹೊತ್ತಿಗೆ ಅವನಲ್ಲಿರಲಿಲ್ಲ. ಜೀವಮಾನದಲ್ಲಿ ರಸೀದಿಯಿಲ್ಲದೆ ಕೊಟ್ಟ ಮಾತು ಅದೊಂದೇ.

ಆಫೀಸಿನ ಫೋನು ಬಡಿದುಕೊಂಡಿತು. ಬೆಚ್ಚಿ ಎತ್ತಿದ. ಚುಕ್ಕಿ ಪುಸ್ತಕದ ಹೆಂಗಸು.

"ಅಣ್ಣಾ, ನಾನೇ. ಹಣ ಬಂತು ಅಂತ ಮೆಸೇಜೇ ಬರ್ಲಿಲ್ಲ, ಅದಕ್ಕೆ ಮಾಡ್ದೆ. ಏನೂ ಆತುರ ಇಲ್ಲ."

"ಸ್ವಲ್ಪ ತಾಂತ್ರಿಕ ತೊಂದರೆ ಅಮ್ಮಾ. ಸಂಜೆಯೊಳಗೆ..."

"ಅಯ್ಯೋ ಆಗ್ಲಿ ಬಿಡಿ. ಹಾಳೆ ಆಗ್ಲೇ ಕತ್ತರಿಸಿಟ್ಟಿದೀನಿ. ನಮ್ಮ ಯಜಮಾನ್ರು, ದುಡ್ಡು ಬರೋಕೆ ಮುಂಚೆ ಕತ್ತರಿ ಹಾಕ್ಬೇಡ ಅಂತ ಬಡ್ಕೊಂಡ್ರು. ಬೇರೆ ಯಾರಾದ್ರೂ ಆಗಿದ್ರೆ ಹಾಕ್ತಿರ್ಲಿಲ್ಲ, ಗ್ರಂಥಾಲಯದವರು ಮಾತಿಗೆ ತಪ್ಪಲ್ಲ ಅಂದೆ. ಸರಿ ತಾನೇ?" ಎಂದು ನಕ್ಕಳು.

ಅವನೂ ನಕ್ಕ. ನಕ್ಕ ಸದ್ದು ಕೆಮ್ಮಿನ ಹಾಗೆ ಕೇಳಿಸಿತು.

ಬೆಳಗಿನ ಆ ಕರೆಯ ಬಗ್ಗೆ ಸಾಹೇಬರನ್ನು ಕೇಳಲು ಮತ್ತೆ ಕಿಟಕಿಗೆ ಹೋಗಬೇಕಾಯಿತು. ದಾರಿಯಲ್ಲಿ ಪುಸ್ತಕ ಕೊಡುವ ಕೌಂಟರಿನಾಕೆ ಮುದ್ರೆ ಒತ್ತುವುದನ್ನು ನಿಲ್ಲಿಸಿ, "ಏನು ರಸೀದಿಯವರೇ, ಇವತ್ತು ಮೂರನೇ ಸಲ ಮೆರವಣಿಗೆ? ಮುದುಕರು ನಂಬರ್ ಮರೆತ್ರಾ?" ಎಂದಳು. ಅವನು ನಿಂತುಬಿಟ್ಟ. ಮೂರನೇ ಸಲ? ಒಂದು ಹೋಗಿದ್ದು, ಒಂದು ಈಗ. ಬೆಳಿಗ್ಗೆ ಹೋಗಿದ್ದೆನೆ? ನೋಡಿದಿರಾ ನೀವು ಎಂದು ಕೇಳಿದ. "ನಾನೇನು ನಿಮ್ಮ ಹಾಜರಿ ಬರೀತೀನಾ?" ಎಂದು ಅವಳು ಮತ್ತೆ ಮುದ್ರೆ ಎತ್ತಿಕೊಂಡಳು. ತಮಾಷೆಗೆ ಅಂದಿರಬೇಕು. ಅವಳಿಗೆ ಮೂರು ಎಂದರೆ ತುಂಬ ಎಂದಷ್ಟೇ ಅರ್ಥ. ಆದರೂ ಫೋನು ತೆಗೆದು ಕರೆಗಳ ಪಟ್ಟಿ ನೋಡಿದ. ಬೆಳಿಗ್ಗೆ ಒಂಬತ್ತೂವರೆಗೆ ಏನೂ ಇಲ್ಲ. ಒಂಬತ್ತೂವರೆಗೆ ಅವನು ಬಸ್ಸಿನಲ್ಲಿ ಕಂಬ ಹಿಡಿದು ನಿಂತಿದ್ದ, ಪಕ್ಕದವನ ಮೊಣಕೈ ಪಕ್ಕೆಗೆ ತಿವಿಯುತ್ತಿತ್ತು, ಅದು ನೆನಪಿತ್ತು. ನೆನಪಿದೆ ಎಂದು ನೆನಪಿಸಿಕೊಳ್ಳುತ್ತಿದ್ದಾನೋ? ತನ್ನ ಕರೆ ತಾನೇ ಮಾಡಿ, ತಾನೇ ಅಳಿಸಿ, ಮರೆತಿದ್ದರೆ? ಅಕ್ಕ ಹೇಳುತ್ತಿದ್ದಳು, ಬೀಗ ಹಾಕಿ ಬಂದು ಮತ್ತೆ ಎದ್ದು ಹೋಗಿ ನೋಡ್ತೀಯಲ್ಲ, ಒಂದು ದಿನ ಹಾಕಿದ ಬೀಗ ತೆಗೆದು ಬರ್ತೀಯ ಅಂತ.

ಈ ಸಲ ಎತ್ತಿದ್ದು ಸಾಹೇಬರ ಸೊಸೆ.

"ಮಾವ ಸ್ನಾನಕ್ಕೆ ಹೋಗಿದಾರೆ. ಫೋನ್ ಮುಟ್ಟಿದ್ರೆ ಬೈತಾರೆ, ಆದ್ರೂ ಎತ್ತಿದೆ. ಒಂದು ಮಾತು ಹೇಳ್ಲಾ? ದಿನಾ ಮಾಡ್ತಾ ಇರಿ. ಈಗ ಹದಿನೈದು ದಿನದಿಂದ ನೀವು ದಿನಾ ಮಾಡೋಕೆ ಶುರು ಮಾಡಿದ ಮೇಲೆ ಎಷ್ಟು ಲವಲವಿಕೆ ಗೊತ್ತಾ ಅವರಿಗೆ. ಊಟಕ್ಕೆ ಕೂತಾಗ ಪುಸ್ತಕದ್ದೇ ಮಾತು. ಒಂದು ದಿನ ಅರ್ಧ ಗಂಟೆ ಮಾತಾಡಿದ್ರಿ, ಅಲ್ವಾ?"

ಅವನು ಕಿಟಕಿಯ ಸರಳನ್ನು ಹಿಡಿದುಕೊಂಡ. ವಾರಕ್ಕೊಂದು. ಅವನು ಮಾಡುತ್ತಿದ್ದದ್ದು ವಾರಕ್ಕೊಂದು, ಅದೂ ನಾಲ್ಕು ನಿಮಿಷ, ಅದರಲ್ಲೂ ಎರಡು ನಿಮಿಷ ಅವರ ಮಾತು ಬೇಗ ಮುಗಿದರೆ ಸಾಕೆಂಬ ತಳಮಳದಲ್ಲಿ. ಯಾವ ಪುಸ್ತಕ ಎಂದು ಅವರು ಕೇಳಿದಾಗಲೆಲ್ಲ ಹಲ್ಲು ಕಚ್ಚಿ ಹೆಸರು ಹೇಳುತ್ತಿದ್ದ. ಅರ್ಧ ಗಂಟೆ. ಆ ಇನ್ನೊಬ್ಬ ರಸೀದಿ ಅರ್ಧ ಗಂಟೆ ಕೂತು ಕೇಳಿದ್ದ. ಏನೇನು ಕೇಳಿದ್ದನೋ, ಸಾಹೇಬರು ಏನೇನು ಹೇಳಿದ್ದರೋ. ಪುಸ್ತಕಗಳ ಹೆಸರು ಕೇಳಿ ಒಳ್ಳೇ ಕೆಲಸ ಎಂದರೋ. ಭಯದ ನಡುವೆ ನಾಚಿಕೆಯೊಂದು ಮುಳ್ಳಿನ ಹಾಗೆ ಎದ್ದಿತು: ಅವನು ನನಗಿಂತ ಒಳ್ಳೆಯವನಾಗಿದ್ದ.

"ಒಂದ್ನಿಮಿಷ, ಬಂದ್ರು," ಎಂದಳು ಸೊಸೆ. ಸಾಹೇಬರ ಉಸಿರು ಕೇಳಿಸಿತು.

"ಸರ್, ಬೆಳಿಗ್ಗೆ ಫೋನ್ ಮಾಡಿದ್ದು ನಾನಾ ಸರ್?"

"ನೀನಲ್ಲದೆ ನಿಮ್ಮಪ್ಪನಾ? ಏನಾಗಿದೆ ನಿನಗೆ?"

"ದನಿ ನನ್ನದೇ ಇತ್ತಾ?"

"ನಿನ್ನ ಆ ಹೊಸ ನಂಬರಿಂದ ಮಾಡಿ ಕೆಮ್ಮಿದೆ, ರಸೀದಿ ಮಾತಾಡ್ತಿದೀನಿ ಅಂದೆ, ನಂಬರ್ ಬಂತಾ ಸರ್ ಅಂದೆ. ನಾನು ಹೇಳಿದ್ದನ್ನ ಒಂದೊಂದಾಗಿ ತಿರುಗಿ ಹೇಳಿದೆ. ಹುಷಾರಿಲ್ವಾ? ರಜೆ ಹಾಕು ಕಣಯ್ಯಾ. ಇಪ್ಪತ್ತೆರಡು ವರ್ಷದಲ್ಲಿ ನೀನು ರಜೆ ಹಾಕಿದ್ದೇ ನೋಡಿಲ್ಲ."

ಬೇರೆ ಯಾರಿಗೂ ಕೊಡಬೇಡಿ ಎನ್ನಬೇಕಿತ್ತು. ಬೇರೆ ಯಾರಿಗೆ ಎಂದು ಅವರು ಕೇಳಿದರೆ? ನೀವು ಹದಿನೈದು ದಿನದಿಂದ ಕಳ್ಳನ ಜೊತೆ ಪುಸ್ತಕದ ಮಾತಾಡಿದ್ದೀರಿ ಎನ್ನಲೆ? ಅದನ್ನು ಕೇಳಿದ ಮೇಲೆ ಸಾಹೇಬರು ಫೋನನ್ನೇ ಮುಟ್ಟಲಿಕ್ಕಿಲ್ಲ. ಆಮೇಲೆ ನೋಡೋಣ, ಸರಿಯಾದ ಮಾತು ಹೊಂದಿಸಿಕೊಂಡು ಹೇಳೋಣ ಎಂದುಕೊಂಡು, ಸರಿ ಸರ್ ಎಂದು ಇಟ್ಟುಬಿಟ್ಟ. ಆಮೇಲೆ ಎನ್ನುವುದು ಅವನ ಹಳೆಯ ರೋಗ.

ಕಿಟಕಿಗೆ ಬೆನ್ನು ಮಾಡಿ ನಿಂತಾಗ ತಟ್ಟನೆ ನೆನಪಾಯಿತು. ಹಳೇ ನಕ್ಷೆಗಳ ಮುದುಕ. ಎರಡು ತಿಂಗಳ ಹಿಂದೆ. ಆತನಿಗೆ ವೆಬ್‌ಸೈಟು ಗಿಬ್‌ಸೈಟು ಏನೂ ಇರಲಿಲ್ಲ. ಕಾರ್ಡಿನ ನಂಬರ್ ಫೋನಿನಲ್ಲೇ ಹೇಳಿ, ನನ್ನ ಮಗಳು ಹಾಕ್ಕೊಳ್ತಾಳೆ ಎಂದಿದ್ದ. ಇದೇ ಕಿಟಕಿ. ಹದಿನಾರು ಅಂಕಿ, ಅವಧಿ ಮುಗಿಯುವ ತಿಂಗಳು, ಹಿಂಬದಿಯ ಮೂರಂಕಿ, ಎಲ್ಲ ಗಟ್ಟಿಯಾಗಿ. ಮೆಲ್ಲಗೆ ಹೇಳಪ್ಪಾ, ಬರ್ಕೋತಿದೀನಿ ಎಂದು ಆತ ಅಂದಿದ್ದಕ್ಕೆ ಮತ್ತೊಮ್ಮೆ ಮೆಲ್ಲಗೆ, ಬಿಡಿಬಿಡಿಯಾಗಿ. ಆಗ ಹಿಂದೆ ಪೆನ್ಸಿಲ್ಲಿನ ಸದ್ದು ಕೇಳಿತ್ತು. ಯಾರೋ ಪದಬಂಧ ತುಂಬುತ್ತಿದ್ದಾರೆ ಎಂದು ಮನಸ್ಸು ತೀರ್ಮಾನಿಸಿಬಿಟ್ಟಿತ್ತು. ರಸೀದಿ ಇಲ್ಲದೆ ಬಲ್ಬು ಕೂಡ ಕೊಳ್ಳದವನು ಗ್ರಂಥಾಲಯದ ಬೀಗದ ಕೈಯನ್ನು ವಾರವಾರವೂ ಸಾರ್ವಜನಿಕ ವಾಚನಾಲಯದಲ್ಲಿ ಓದಿ ಹೇಳಿದ್ದ. ಈಗ ಪತ್ರಿಕೆಗಳನ್ನು ಎಣಿಸಿದ. ಹತ್ತು. ಮತ್ತೆ ಎಣಿಸಿದ. ಬಾಗಿಲ ಪಕ್ಕದ ಕುರ್ಚಿ ಖಾಲಿಯಿತ್ತು, ಮೇಜಿನ ಮೇಲೆ ಒಂದು ಪತ್ರಿಕೆ ಅಚ್ಚುಕಟ್ಟಾಗಿ ನಾಲ್ಕು ಮಡಿಕೆಯಾಗಿ ಬಿದ್ದಿತ್ತು. ಹತ್ತಿರ ಹೋಗಿ ನೋಡಿದ. ಪದಬಂಧದ ಚೌಕಗಳು ಪೂರ್ತಿ ಖಾಲಿ. ಅಲ್ಲಿ ಯಾರು ಕೂತಿರುತ್ತಿದ್ದರು? ಹೆಂಗಸೋ ಗಂಡಸೋ? ವರ್ಷಗಟ್ಟಲೆ ಬಂದವರ ಕೈಗಳನ್ನಷ್ಟೇ ಅವನು ಕಂಡಿದ್ದ.

ಮೇಜಿಗೆ ಹೋಗಿ ಡ್ರಾಯರು ಎಳೆದು ಅರ್ಜಿಯನ್ನು ಹೊರಗೆ ತೆಗೆದ. ಮಡಿಕೆಯಲ್ಲಿ ಕಾಗದ ಹಳದಿಯಾಗಿತ್ತು. ಮೇಡಂ ಸಹಿ, ಅದರ ಮುಂದೆ ಖಾಲಿ ಬಿಟ್ಟ ತಾರೀಕು. ಪೆನ್ನು ಹಿಡಿದ. ಹದಿನಾಲ್ಕು ತಿಂಗಳ ಹಿಂದಿನ ತಾರೀಕು ಹಾಕಿ ಇದರ ನಕಲನ್ನು ಕಡತದಲ್ಲಿ ಸೇರಿಸಿದರೆ, ನಾವು ಕೊಟ್ಟಿದ್ದೆವು, ಬ್ಯಾಂಕಿನವರೇ ಕಳೆದಿದ್ದಾರೆ ಎನ್ನಬಹುದು. ಯಾರೂ ಅನುಮಾನಿಸುವುದಿಲ್ಲ, ಇವನು ರಸೀದಿ. ಕಳ್ಳನ ಕೈಗೆ ಅಂಕಿ ಕೊಟ್ಟವರು ಯಾರು ಎಂದು ಹುಡುಕಿ ಹೋದವರು ಸಾಹೇಬರ ಮನೆ ಬಾಗಿಲು ತಟ್ಟುತ್ತಾರೆ, ಅಷ್ಟೆ. ನಿವೃತ್ತರಾದ ಮೇಲೂ ಗುಟ್ಟಾಗಿ ಖಾತೆ ಇಟ್ಟುಕೊಂಡವರು. ದಿನಾ ಅರ್ಧ ಗಂಟೆ ಯಾರ ಜೊತೆಗೋ ಮಾತಾಡಿದವರು. ಸೊಸೆಯೇ ಸಾಕ್ಷಿ ಹೇಳುತ್ತಾಳೆ, ಪಾಪ, ಸಂತೋಷದಿಂದ. ಪೆನ್ನಿನ ತುದಿ ಕಾಗದಕ್ಕೆ ತಾಗಿ ಒಂದು ನೀಲಿ ಚುಕ್ಕಿಯಾಯಿತು. ಪೆನ್ನನ್ನು ಪಕ್ಕಕ್ಕಿಟ್ಟ. ಒಂದು ಸಲ ಸಾಹೇಬರಿಗೆ ಎಲ್ಲ ಹೇಳಿಬಿಡುತ್ತೇನೆ, ಮೊದಲು ಅವರಿಗೆ, ಆಮೇಲೆ ಮೇಡಂಗೆ, ಎಂದು ಅರ್ಜಿಯನ್ನು ಹಿಡಿದುಕೊಂಡೇ ಮತ್ತೆ ಎರಡು ಕೋಣೆ ದಾಟಿದ. ಕೌಂಟರಿನಾಕೆ ಈ ಸಲ ಮುಖ ನೋಡಿ ಏನೂ ಅನ್ನಲಿಲ್ಲ.

ಕಿಟಕಿಗೆ ಭುಜ ತಾಗಿಸುತ್ತಿದ್ದ ಹಾಗೇ ಫೋನು ತಾನಾಗಿ ಹೊಡೆದುಕೊಂಡಿತು. ಸಾಹೇಬರದೇ.

"ಬಂತು ಕಣಯ್ಯಾ," ಎಂದರು. ದನಿ ಸಪ್ಪಗಿತ್ತು. "ಇನ್ನೊಂದು ಬರುತ್ತೆ, ಕಾಯ್ತಾ ಇರಿ ಅಂದಿದ್ದೆಯಲ್ಲ, ಬಂದಿದೆ. ಆದ್ರೆ ಈ ಸಲ ಬೇರೆ ಏನೋ ಬರೆದಿದೆ. ಖಾತೆಯ ಮೊಬೈಲ್ ಸಂಖ್ಯೆ ಬದಲಾಯಿಸಲು ಅಂತ. ಕಡೆಗೂ ಬದಲಾಯಿಸ್ತಿದೀಯ ಅನ್ನು. ಸರಿ, ಒಂದಲ್ಲ ಒಂದು ದಿನ ಆಗಬೇಕಾದ್ದೇ. ನೀನೇ ಬಾಯಿಬಿಟ್ಟು ಹೇಳಿದ್ರೆ ನಾನೇನು ಬೇಡ ಅಂತಿದ್ನಾ? ಬರ್ಕೋ."

ಅವನ ಕೈಯಲ್ಲಿದ್ದ ಅರ್ಜಿ ಗಾಳಿಗೆ ಪಟಪಟ ಬಡಿಯಿತು. ತಾನು ಹದಿನಾಲ್ಕು ತಿಂಗಳಲ್ಲಿ ಮಾಡದೆ ಬಿಟ್ಟ ಕೆಲಸವನ್ನು ಆ ಇನ್ನೊಬ್ಬ ಒಂದು ಬೆಳಗಿನಲ್ಲಿ ಮಾಡಿ ಮುಗಿಸುತ್ತಿದ್ದ. ಸಂಖ್ಯೆ ಬದಲಾದರೆ ಕಾರ್ಡಿನ ಚಿಲ್ಲರೆಯಲ್ಲ, ಅದರ ಹಿಂದಿನ ಖಾತೆಯೇ ಕೈಗೆ ಬರುತ್ತದೆ. ವರ್ಷದ ಅನುದಾನ ಅಲ್ಲಿದೆ, ಬರಬೇಕಾದ ಪುಸ್ತಕವೆಲ್ಲ ಅಲ್ಲಿದೆ.

"ಸರ್, ಹೇಳಬೇಡಿ."

"ಏನು? ಗಟ್ಟಿಯಾಗಿ ಹೇಳು."

"ಹೇಳಬೇಡಿ ಸರ್! ಯಾರಿಗೂ ಹೇಳಬೇಡಿ ಆ ನಂಬರ್. ಈಗ ಯಾರು ಫೋನ್ ಮಾಡಿದ್ರೂ. ನಾನೇ ಕೇಳಿದ್ರೂ ಹೇಳಬೇಡಿ."

ಕೋಣೆಯಲ್ಲಿ ಪತ್ರಿಕೆಗಳು ಒಂದೊಂದಾಗಿ ಕೆಳಗಿಳಿದವು. ಮೊದಲ ಬಾರಿಗೆ ಮುಖಗಳು ಕಂಡವು, ಹತ್ತು ಮುಖ, ಎಲ್ಲವೂ ಅವನನ್ನೇ ನೋಡುತ್ತಿದ್ದವು.

"ನೀನು ಯಾರಪ್ಪಾ?" ಎಂದರು ಸಾಹೇಬರು.

"ಸರ್, ರಸೀದಿ ಸರ್. ನಾನು."

"ಅಲ್ಲ. ಅವನು ಹೇಳಿದ್ದ. ಈಗ ಹೊಸ ಥರ ಮೋಸ ಶುರುವಾಗಿದೆ ಸರ್, ಯಾರಾದ್ರೂ ನನ್ನ ಹಳೇ ನಂಬರಿನಲ್ಲೇ ಸಿಕ್ಕಿ, ನನ್ನ ಹೆಸರು ಹೇಳ್ಕೊಂಡು, ನಂಬರ್ ಕೊಡಬೇಡಿ ಅಂದ್ರೆ ನಂಬಬೇಡಿ ಅಂದಿದ್ದ." ಮುದುಕರು ದನಿ ಏರಿಸಿದರು. "ಇಪ್ಪತ್ತೆರಡು ವರ್ಷ ಅವನನ್ನ ನೋಡಿದೀನಿ. ನನಗೆ ಬೇಡ ಅಂತ ಅವನು ಯಾವತ್ತೂ ಒಂದು ಸಲ ಅಂದಿಲ್ಲ. ನಾಚಿಕೆ ಆಗಬೇಕು ನಿನಗೆ."

ಕರೆ ಕಡಿಯಿತು. ಮತ್ತೆ ಮಾಡಿದ. ಬಿಜಿ. ಮತ್ತೆ ಮಾಡಿದ. ಬಿಜಿ. ಅಲ್ಲಿ ಯಾವುದೋ ಕೋಣೆಯಲ್ಲಿ ಸಾಹೇಬರು ಕನ್ನಡಕ ಏರಿಸಿಕೊಂಡು, ಈಗಷ್ಟೇ ಒಬ್ಬ ಮೋಸಗಾರನನ್ನು ಹಿಡಿದೆ ಎಂದು ಸಂಭ್ರಮದಲ್ಲಿ ಹೇಳುತ್ತಿರಬಹುದು. ಭೇಷ್ ಸರ್ ಎನ್ನುತ್ತಿರಬಹುದು ಆ ದನಿ. ಆಮೇಲೆ ಒಂದು ಅಂಕಿ. ಅದನ್ನು ತಿರುಗಿ ಹೇಳುವುದು. ಇನ್ನೊಂದು ಅಂಕಿ.

ಹತ್ತು ಮುಖಗಳ ನಡುವಿನಿಂದ ಅವನು ನಡೆದ, ಆಮೇಲೆ ಓಡಿದ. ಕೌಂಟರು ದಾಟಿ, ಪುಸ್ತಕದ ಸಾಲು ದಾಟಿ, ತಟ್ಟದೆ ಯಾರೂ ಒಳಗೆ ಹೋಗದ ಬಾಗಿಲನ್ನು ತಟ್ಟದೆ ತಳ್ಳಿದ. ಮೇಡಂ ಏನೋ ಓದುತ್ತಿದ್ದವರು ತಲೆಯೆತ್ತಿದರು. ಅರ್ಜಿಯನ್ನು ಅವರ ಮುಂದೆ ಇಟ್ಟ. ತಾರೀಕಿನ ಜಾಗದಲ್ಲಿ ಒಂದು ನೀಲಿ ಚುಕ್ಕಿ ಮಾತ್ರ ಇತ್ತು. ಹೇಳಬೇಕಾದ್ದು ನೂರಿತ್ತು, ಹತ್ತು ನಿಮಿಷದ ಲೆಕ್ಕ ಯಾವಾಗ ಶುರುವಾಯಿತೋ ಗೊತ್ತಿರಲಿಲ್ಲ. ಗೋಡೆಯ ಗಡಿಯಾರ ನೋಡಿ, ಅವರು ಹಿಂದೆಂದೋ ಬಾಗಿಲಲ್ಲಿ ನಿಂತು ಕೇಳಿದ್ದ ಪ್ರಶ್ನೆಗೆ ಅವನು ಉತ್ತರ ಕೊಟ್ಟ.

"ಆಗಿಲ್ಲ ಮೇಡಂ."

"ಏನು ಆಗಿಲ್ಲ?" ಎಂದು ಕೇಳುತ್ತ ಮೇಡಂ ಕನ್ನಡಕ ಹಾಕಿಕೊಂಡರು. ಅದೇ ಹೊತ್ತಿಗೆ ಮೇಜಿನ ಮೇಲಿದ್ದ ಅವರ ಕಂಪ್ಯೂಟರು ಟಿಣ್ ಎಂದು ಸಣ್ಣಗೆ ಸದ್ದು ಮಾಡಿತು. ಅವರು ಪರದೆಯತ್ತ ತಿರುಗಿ, ಓದಿ, ಹಗುರಾಗಿ ನಕ್ಕರು.

"ಆಗಿದೆಯಲ್ಲ ರಸೀದಿಯವರೇ. ನಂಬರ್ ಬದಲಾಗಿದೆ ಅಂತ ಬ್ಯಾಂಕಿನಿಂದ ಈಗ ತಾನೇ ಬಂತು ನೋಡಿ."